ಹೂಳೆತ್ತಿ, ಕೆರೆಯ ಜೇಡಿಯನ್ನಲ್ಲ: ಆಯುಕ್ತರಿಗೊಂದು ಬಹಿರಂಗ ಪತ್ರ

ಮಾನ್ಯ ನಗರಪಾಲಿಕೆ ಆಯುಕ್ತರೇ,

ನಮಸ್ಕಾರ. ನದಿ ಹಾದಿ ಬದಲಿಸಿದಾಗ ಬಿಟ್ಟುಹೋದ ಕುದುರೆ ಲಾಳದ ಆಕಾರದ ಕೆರೆಗಳಿಗೆ ಮತ್ತೆ ಜೀವ ಕೊಡಲು ನೀವು ಮುಂದಾಗಿರುವುದು ಸಂತೋಷದ ಸಂಗತಿ. ಅಂದಾಜುಪಟ್ಟಿಗೆ ಸಹಿ ಹಾಕುವ ಮುನ್ನ ದಯವಿಟ್ಟು ಇದನ್ನು ಓದಿ.

ಈ ಕೆರೆಗಳ ಅಡಿಯಲ್ಲಿರುವುದು ಹಳೆಯ ನದಿಪಾತ್ರದ ಮರಳು. ಅದರ ಮೇಲೆ ಎಷ್ಟೋ ಪ್ರವಾಹಗಳು ತಂದು ಕೂರಿಸಿದ ನುಣುಪು ಜೇಡಿಯೇ ನೀರನ್ನು ಹಿಡಿದಿಟ್ಟಿದೆ. ‘3 ಮೀಟರ್ ಆಳ, ಸಮತಟ್ಟು ತಳ’ ಎಂದು ಬರೆದು ಬಗೆಸಿದರೆ ಆ ಜೇಡಿಪದರ ಕಿತ್ತುಹೋಗಿ, ಮಳೆಗಾಲದಲ್ಲಿ ತುಂಬಿದ ನೀರು ಮರಳಿನ ಮೂಲಕ ಇಂಗಿ ನದಿಯ ಕಡೆಗೇ ಇಳಿದುಹೋಗುತ್ತದೆ. ಆದ್ದರಿಂದ ಮೊದಲು 25 ಮೀಟರಿಗೊಂದರಂತೆ ಬೈರಿಗೆ (ನೆಲ ಕೊರೆಯುವ ಉಪಕರಣ) ಇಳಿಸಿ ಮಣ್ಣು ತೆಗೆಸಿ ನೋಡಿ. ಮೇಲೆ ಕಪ್ಪಗಿನ, ಕೊಳೆತ ವಾಸನೆಯ ಸಡಿಲ ಹೂಳು, ಅದರ ಕೆಳಗೆ ಅಂಗೈಯಲ್ಲಿ ಬತ್ತಿಯಂತೆ ಹೊಸೆಯಲು ಬರುವ ಬೂದು ಜೇಡಿ, ಆಮೇಲೆ ಮರಳು. ತೆಗೆಯಬೇಕಾದ್ದು ಮೊದಲನೆಯದನ್ನು ಮಾತ್ರ. ಜೇಡಿ ಅರ್ಧ ಮೀಟರಾದರೂ ಉಳಿಯಲೇಬೇಕು. ಹೂಳಿನಲ್ಲಿ ಸೀಸ, ಕ್ಯಾಡ್ಮಿಯಂನಂಥ ವಿಷಲೋಹ ಇದೆಯೇ ಎಂದು ಪರೀಕ್ಷಿಸದೆ ಅದನ್ನು ಯಾರ ಹೊಲಕ್ಕೂ ಸಾಗಿಸಬಾರದು.

ತಿರುವಿನ ಹೊರದಂಡೆ ಕಡಿದು, ಒಳದಂಡೆ ಇಳಿಜಾರು. ಎರಡಕ್ಕೂ ಒಂದೇ ಕಲ್ಲುಕಟ್ಟಡ ಬೇಡ. ಹೊರದಂಡೆಯ ಬರಿಮಣ್ಣಿನ ಗೋಡೆಯಲ್ಲಿ ಮಿಂಚುಳ್ಳಿ ಬಿಲ ಕೊರೆದು ಮರಿ ಮಾಡುತ್ತದೆ. ಮುಷ್ಟಿಗಾತ್ರದ ತೂತು, ಅದರ ಬಾಯಿಂದ ಇಳಿದ ಬಿಳಿ ಹಿಕ್ಕೆಯ ಗೆರೆ. ಕಲ್ಲು ಹೊದಿಸಿದರೆ ಆ ಗೂಡಿಗೆ ಜಾಗವೇ ಇಲ್ಲ. ಒಳದಂಡೆಯನ್ನು 1:8 (ಎಂಟು ಮೀಟರಿಗೆ ಒಂದು ಮೀಟರ್ ಇಳಿಯುವ) ಇಳಿಜಾರಿನಲ್ಲೇ ಬಿಟ್ಟರೆ ಜೊಂಡು ಬೆಳೆಯುತ್ತದೆ, ನೀಳಗಾಲಿನ ಹಕ್ಕಿಗಳಿಗೆ ನಿಂತು ಮೇಯಲು ನೆಲೆ ಸಿಗುತ್ತದೆ.

ಒಂದು ಹೆಕ್ಟೇರಿನಲ್ಲಿ ಒಂದು ಮೀಟರ್ ನೀರು ನಿಂತರೆ ಒಂದು ಕೋಟಿ ಲೀಟರ್. ಆದರೆ ಸಂಗ್ರಹದ ಲೆಕ್ಕದಲ್ಲಿ ತಳದ ಒಂದೂವರೆ ಮೀಟರನ್ನು ಸೇರಿಸಬೇಡಿ. ಬೇಸಿಗೆಯಲ್ಲಿ ಮೀನು, ಆಮೆಗಳು ಬದುಕುವುದು ಅದರಲ್ಲೇ.

ನದಿಗೆ ಸಂಪರ್ಕ ಕೊಡುವುದಾದರೆ ಕೆಳತುದಿಯಲ್ಲಿ ಮಾತ್ರ ಕೊಡಿ. ಎರಡೂ ತುದಿ ತೆರೆದರೆ ಪ್ರವಾಹ ನುಗ್ಗಿ ಮರಳು ತುಂಬುತ್ತದೆ. ಕೆಳಗಿನಿಂದಾದರೆ ನೀರು ಹಿಮ್ಮುಖವಾಗಿ ನಿಧಾನಕ್ಕೆ ಏರುತ್ತದೆ, ಒರಟು ಮರಳು ಬಹುಪಾಲು ಹೊರಗೇ ಉಳಿಯುತ್ತದೆ. ಹಲಗೆ ಇಟ್ಟು ತೆಗೆಯುವ ತೂಬು ಸಾಕು. ನೀರು ಬಿಡುವಾಗ ಒಂದೊಂದೇ ಹಲಗೆ ಎತ್ತಬೇಕು, ಇಲ್ಲವಾದರೆ ಮೀನುಮರಿಗಳು ದಂಡೆಯ ಗುಂಡಿಗಳಲ್ಲಿ ಸಿಕ್ಕಿ ಸಾಯುತ್ತವೆ.

ಕೆರೆಗೆ ಚರಂಡಿ ನೀರು ಬರುವುದು ನಿಲ್ಲುವ ತನಕ ಇದ್ಯಾವುದನ್ನೂ ಶುರು ಮಾಡಬೇಡಿ. ನಿಂತಿದೆಯೇ ಎಂದು ತಿಳಿಯಲು ನೀರಿನಲ್ಲಿ ಕರಗಿದ ಆಮ್ಲಜನಕವನ್ನು ಬೆಳಕು ಹರಿಯುವ ಹೊತ್ತಿಗೆ ಅಳೆಸಿ. ಮಧ್ಯಾಹ್ನ ಪಾಚಿ ಆಮ್ಲಜನಕ ಬಿಡುವುದರಿಂದ ಕೊಳಕು ಕೆರೆಯೂ ಚೆನ್ನಾಗಿಯೇ ಕಾಣುತ್ತದೆ. ರಾತ್ರಿ ಅದೇ ಪಾಚಿ ಅದನ್ನು ಉಸಿರಾಡಿ ಮುಗಿಸುತ್ತದೆ. ಮುಂಜಾನೆ ಲೀಟರಿಗೆ 4 ಮಿಲಿಗ್ರಾಂಗಿಂತ ಕಡಿಮೆ ಬಂದರೆ ಚರಂಡಿ ನೀರು ತರುವ ಕೊಳವೆಗಳನ್ನು ಮತ್ತೆ ಹುಡುಕಿಸಿ.

ಹೂಳನ್ನು ಈ ವರ್ಷ ಅರ್ಧ ಕೆರೆಯಲ್ಲಿ, ಮುಂದಿನ ವರ್ಷ ಉಳಿದರ್ಧದಲ್ಲಿ ತೆಗೆಸಿ. ಹಾಗೇ, ಟೆಂಡರಿನಲ್ಲಿ ಘನ ಮೀಟರ್ ಲೆಕ್ಕದಲ್ಲಿ ಹಣ ಕೊಡುವ ಷರತ್ತಿದ್ದರೆ ಅದನ್ನು ಬದಲಿಸಿ, ಬೈರಿಗೆ ತೋರಿಸಿದ ಹೂಳಿನ ಮಟ್ಟದವರೆಗಿನ ಕೆಲಸಕ್ಕಷ್ಟೇ ಹಣ ಕೊಡಿ. ಬಗೆದಷ್ಟೂ ಹಣ ಎಂದಾದರೆ ಜೇಡಿ ಸಿಕ್ಕಾಗ ಯಾರೂ ಯಂತ್ರ ನಿಲ್ಲಿಸುವುದಿಲ್ಲ.

ಇಂತಿ,
ಕೆರೆ-ನದಿಗಳ ಕೆಲಸ ಬಲ್ಲ ನಾಗರಿಕರು