ಹಳೇ ಸೈಕಲ್ ಗುಜರಿಗೆ ಹಾಕುವ ಮುಂಚೆ

ಮಾನ್ಯ ಸಂಪಾದಕರೇ,

ನಮ್ಮ ಬೀದಿಗೆ ವಾರಕ್ಕೆರಡು ಸಲ ಗುಜರಿ ಗಾಡಿ ಬರುತ್ತದೆ. ‘ಹಳೇ ಕಬ್ಬಿಣ, ಹಳೇ ಪೇಪರ್, ಹಳೇ ಸೈಕಲ್’ ಅಂತ ಮೈಕಿನಲ್ಲಿ ಕೂಗುತ್ತದೆ. ಕಳೆದ ಡಿಸೆಂಬರಿನಲ್ಲಿ ನನ್ನ ಹೆಂಡತಿ ಅದನ್ನು ಗೇಟಿನ ಮುಂದೆ ನಿಲ್ಲಿಸಿದ್ದಳು. ಗಾಡಿಯವನು ನಮ್ಮ ಹೀರೊ ರೇಂಜರ್ ಸೈಕಲ್ಲನ್ನು ಒಂದೇ ಕೈಯಲ್ಲಿ ಎತ್ತಿ ನೋಡಿ ‘ನಾನೂರು’ ಅಂದ. ಅಷ್ಟರಲ್ಲಿ ನಾನು ಸ್ನಾನದ ಮನೆಯಿಂದ ಟವೆಲ್ಲಿನಲ್ಲೇ ಓಡಿ ಬಂದೆ.

1997ರಲ್ಲಿ ಬೋನಸ್ ದುಡ್ಡಿನಲ್ಲಿ ಮಗನಿಗೆ ಕೊಡಿಸಿದ್ದ ಸೈಕಲ್ ಅದು. ದಪ್ಪ ಟಯರು, ನೇರ ಹ್ಯಾಂಡಲ್. ಆಗ ಅದು ಹುಡುಗರ ಕನಸು. ಮಗ ಈಗ ಹೈದರಾಬಾದಿನಲ್ಲಿದ್ದಾನೆ. ಸೈಕಲ್ ಹದಿನೈದು ವರ್ಷ ನಮ್ಮ ನೀರಿನ ಸಂಪಿನ ಪಕ್ಕ ಮಳೆಗೆ ನೆನೆಯುತ್ತಾ ನಿಂತಿತ್ತು.

ನಾನು ಇಲ್ಲೇ ತುಮಕೂರಿನ ಎಚ್‌ಎಂಟಿ ಗಡಿಯಾರ ಕಾರ್ಖಾನೆಯಲ್ಲಿ ಕೆಲಸ ಮಾಡಿದವನು. ಚಿಕ್ಕ ಚಿಕ್ಕ ಸಾಮಾನು ಬಿಚ್ಚಿ ಜೋಡಿಸೋದು ಅಂದರೆ ಈಗಲೂ ಕೈ ಕಡಿಯುತ್ತದೆ. ಆದರೂ ಮೊದಲು ಒಂದು ಸೈಕಲ್ ಅಂಗಡಿಗೆ ತಳ್ಳಿಕೊಂಡು ಹೋದೆ. ಅಲ್ಲಿನ ಹುಡುಗ ಮುಟ್ಟಿಯೂ ನೋಡಲಿಲ್ಲ. ‘ಇದಕ್ಕೆ ದುಡ್ಡು ಹಾಕ್ಬೇಡಿ ಸಾರ್, ಹೊಸ ಗೇರ್ ಸೈಕಲ್ ತಗೊಳ್ಳಿ’ ಅಂದ. ಸಿಟ್ಟು ಬಂತು. ಆ ಸಿಟ್ಟಿನಲ್ಲೇ ಮನೆಗೆ ಬಂದು ಸ್ಪ್ಯಾನರ್ ಹಿಡಿದೆ.

ಹಿಂದೆ ಓಣಿಗೊಂದು ಸೈಕಲ್ ಶಾಪ್ ಇತ್ತು. ಅಲ್ಲಿ ‘ಓವರಾಯಿಲ್’, ಅಂದರೆ ಸೈಕಲ್ ಪೂರ್ತಿ ಬಿಚ್ಚಿ ತೊಳೆದು ಜೋಡಿಸುವ ಕೆಲಸ, ಮಾಡಿಸುತ್ತಿದ್ದೆವು. ಅದು ಓವರ್‌ಹಾಲ್ ಅಂತ ನನಗೆ ಗೊತ್ತಾಗಿದ್ದು ಕಾರ್ಖಾನೆ ಸೇರಿದ ಮೇಲೆ. ಓವರಾಯಿಲ್ ಅನ್ನೋದೇ ಚೆನ್ನಾಗಿದೆ ಬಿಡಿ, ಎಣ್ಣೆಯೂ ಸೇರಿಕೊಂಡಿದೆ.

ಜಾಸ್ತಿ ಕಾಡಿದ್ದು ಕ್ರ್ಯಾಂಕನ್ನು, ಅಂದರೆ ಪೆಡಲಿನ ತೋಳನ್ನು, ಅಚ್ಚಿಗೆ ಹಿಡಿದಿರುವ ಕಾಟರ್ ಪಿನ್. ಅದನ್ನು ಸುಮ್ನೆ ಸುತ್ತಿಗೆಯಲ್ಲಿ ಬಡಿದರೆ ಬಗ್ಗಿ ಅಲ್ಲೇ ಕೂತುಬಿಡುತ್ತದೆ. ಎರಡು ರಾತ್ರಿ ಎಣ್ಣೆ ಕುಡಿಸಿದೆ. ನಟ್ಟನ್ನು ಪೂರ್ತಿ ಬಿಚ್ಚದೆ ಪಿನ್ನಿನ ತುದಿಗೆ ಸಮ ಬರುವಷ್ಟು ಬಿಟ್ಟೆ. ಇಲ್ಲದಿದ್ದರೆ ಥ್ರೆಡ್ ಜಜ್ಜಿಹೋಗುತ್ತದೆ. ಕ್ರ್ಯಾಂಕಿನ ಕೆಳಗೆ ಒಂದು ಪೈಪಿನ ತುಂಡನ್ನು ನೆಲಕ್ಕೆ ಊರಿ ಆಸರೆ ಕೊಟ್ಟೆ. ಆಮೇಲೆ ದೊಡ್ಡ ಸುತ್ತಿಗೆಯಲ್ಲಿ ಒಂದೇ ಏಟು. ಠಣ್ ಅಂತಿದ್ದ ಸದ್ದು ಡಬ್ ಅಂತಾಯಿತು, ಬಂತು ಅಂತ ಗೊತ್ತಾಯಿತು. ಹೊಸ ಪಿನ್ನಿಗೆ ಇಪ್ಪತ್ತು ರೂಪಾಯಿಯೂ ಇಲ್ಲ.

ಕ್ರ್ಯಾಂಕಿನ ಅಚ್ಚು ತಿರುಗುವ ಜಾಗಕ್ಕೆ ಬಾಟಮ್ ಅಂತಾರೆ. ಅದರಲ್ಲಿ ಚೈನ್ ಇರುವ ಬದಿಯ ಕಪ್ಪಿಗೆ ಉಲ್ಟಾ ಥ್ರೆಡ್, ಎಡ ಪೆಡಲಿಗೂ ಉಲ್ಟಾ ಥ್ರೆಡ್. ಸಹಾಯಕ್ಕೆ ಬಂದ ನನ್ನ ಅಳಿಯ, ಅವರು ಎಂಜಿನಿಯರು, ಅರ್ಧ ಗಂಟೆ ಬಿಚ್ಚುತ್ತೇನೆ ಅಂತ ಬಿಗಿ ಮಾಡುತ್ತಿದ್ದರು. ಬಾಟಮ್ ಒಳಗೆ ಒಂದೊಂದು ಬದಿಗೆ ಕಾಲಿಂಚಿನ ಬೇರಿಂಗ್ ಗುಂಡುಗಳು 11. ಮುಂದಿನ ಚಕ್ರದ ಹಬ್ಬಿಗೆ, ಅಂದರೆ ಚಕ್ರದ ನಡುವಿನ ಗುಂಬಕ್ಕೆ, ಒಂದು ಬದಿಗೆ 10, ಅವು ಇನ್ನೂ ಚಿಕ್ಕವು. ಹೊಸ ಗ್ರೀಸಿನಲ್ಲಿ ಒಂದೊಂದಾಗಿ ಕೂರಿಸಿದೆ. ಗುಂಡುಗಳನ್ನು ಒತ್ತಿ ಹಿಡಿಯುವ ಕೋನ್ ನಟ್ ಬಿಗಿಯಾದರೆ ಚಕ್ರ ಹಿಡಿಯುತ್ತದೆ, ಸಡಿಲವಾದರೆ ಅಲುಗುತ್ತದೆ. ಸರಿಯಾಗಿದೆಯೋ ಇಲ್ಲವೋ ನೋಡಲು ಚಕ್ರವನ್ನು ಮೆಲ್ಲಗೆ ಬಿಟ್ಟುಬಿಡಬೇಕು. ವಾಲ್ವ್ ಇರುವ ಕಡೆ ತಾನೇ ಭಾರಕ್ಕೆ ಕೆಳಗೆ ಬಂದು, ಆಚೆ ಈಚೆ ತೂಗಿ, ಕಡೆಗೆ ನಿಲ್ಲುತ್ತದೆ. ಗೋಡೆ ಗಡಿಯಾರದ ಲೋಲಕದ ಹಾಗೇ. ಅವತ್ತು ಅದನ್ನು ನೋಡುತ್ತಾ ಎಷ್ಟು ಹೊತ್ತು ಕೂತಿದ್ದೆನೋ, ಕಾಫಿ ಆರಿಹೋಗಿತ್ತು.

ನಾನೂ ಒಂದು ದಡ್ಡತನ ಮಾಡಿದೆ. ಅಂಗಡಿಯಲ್ಲಿ ‘26 ಇಂಚಿನ ಟಯರು’ ಅಂತಷ್ಟೇ ಕೇಳಿದೆ. ಕೊಟ್ಟರು. ಮನೆಗೆ ತಂದು ಹಾಕಿದರೆ ಬಳೆ ಹಾಗೆ ರಿಮ್ಮಿನ ಮೇಲೆ ಜಾರುತ್ತಿದೆ! ಅದು ಲೇಡೀಸ್ ಸೈಕಲ್ಲಿಗೆ ಬರುವ 26 × 1⅜. ಅದರ ರಿಮ್ಮಿನ ಅಳತೆ 590 ಮಿಲಿಮೀಟರ್, ರೇಂಜರ್‌ದು 559. ಎರಡಕ್ಕೂ 26 ಇಂಚು ಅಂತಲೇ ಹೆಸರು. ₹320 ಹೋಯಿತು. ಟಯರಿನ ಪಕ್ಕದಲ್ಲಿ 559 ಅಂತ ಅಚ್ಚಾಗಿದೆಯಾ ನೋಡಿಯೇ ತೆಗೆದುಕೊಳ್ಳಿ.

ಈ 559 ಎಲ್ಲಿಂದ ಬಂತು ಅಂತ ಮೊಮ್ಮಗ ಫೋನಿನಲ್ಲಿ ಹುಡುಕಿ ಹೇಳಿದ. ಅಮೆರಿಕದ ಶ್ವಿನ್ ಕಂಪನಿ 1933ರಲ್ಲಿ ತಂದ ದಪ್ಪ ಟಯರಿನ ಅಳತೆಯಂತೆ ಅದು. 1970ರ ದಶಕದಲ್ಲಿ ಕ್ಯಾಲಿಫೋರ್ನಿಯಾದ ಮರಿನ್ ಕೌಂಟಿಯ ಹುಡುಗರು ಅಂಥ ಹಳೇ ಸೈಕಲ್‌ಗಳನ್ನೇ ರಿಪೇರಿ ಮಾಡಿ ಬೆಟ್ಟದಿಂದ ಇಳಿಸುತ್ತಿದ್ದರು. 1976ರಲ್ಲಿ ರೇಸ್ ಶುರುವಾಯಿತು. ಒಂದು ಸಲ ಇಳಿಯುವಷ್ಟರಲ್ಲಿ ಹಿಂದಿನ ಹಬ್ಬಿನ ಬ್ರೇಕ್ ಕಾದು ಗ್ರೀಸ್ ಸುಟ್ಟು ಹೊಗೆಯಾಗುತ್ತಿತ್ತು, ಮತ್ತೆ ಗ್ರೀಸ್ ತುಂಬಬೇಕಿತ್ತು. ಅದಕ್ಕೇ ಆ ಇಳಿಜಾರಿಗೆ ‘ರಿಪ್ಯಾಕ್’ ಅಂತ ಹೆಸರು. ಮೌಂಟನ್ ಬೈಕ್ ಹುಟ್ಟಿದ್ದೇ ಹಳೇ ಸ್ಟೀಲ್ ಸೈಕಲ್ಲಿನ ಓವರಾಯಿಲ್‌ನಿಂದ ಅಂದ ಹಾಗಾಯಿತು, ಅಲ್ವಾ?

ಹಿಂದಿನ ಫೋರ್ಕಿನಲ್ಲಿ, ಸ್ಟ್ಯಾಂಡ್ ಕಚ್ಚುವ ಜಾಗದಲ್ಲಿ, ಕೂದಲೆಳೆಯಷ್ಟು ಬಿರುಕಿತ್ತು. ಅಂತರಸನಹಳ್ಳಿಯ ವೆಲ್ಡಿಂಗ್ ಶೆಡ್ಡಿನಲ್ಲಿ ಹಿತ್ತಾಳೆ ಹಾಕಿ ಬೆಸೆದು ₹150 ತೆಗೆದುಕೊಂಡರು. ಅಲ್ಯೂಮಿನಿಯಂ ಫ್ರೇಮ್ ಆಗಿದ್ದರೆ ಬೀದಿ ಬದಿಯಲ್ಲಿ ಇದು ಆಗುವ ಕೆಲಸವಲ್ಲ.

ಟಯರು ಟ್ಯೂಬು ₹1,100, ಪೇಂಟು ₹700, ಸೀಟು ₹300. ಚೈನು, ಗುಂಡು, ಪಿನ್ನು, ಕೇಬಲ್, ಬ್ರೇಕ್ ಶೂ ಎಲ್ಲ ₹600. ಮುಂದಿನ ಚಕ್ರಕ್ಕೆ ಮಾತ್ರ ಅಲಾಯ್ (ಅಲ್ಯೂಮಿನಿಯಂ) ರಿಮ್ ಹಾಕಿಸಿ, ಕಡ್ಡಿ ಕಟ್ಟಿಸಿ, ಬೆಂಡ್ ತೆಗೆಸಿದ್ದಕ್ಕೆ ₹850. ವೆಲ್ಡಿಂಗ್ ಸೇರಿ ₹3,700 ಆಯಿತು. ತಪ್ಪು ಟಯರಿನದು ಬೇರೆ ಲೆಕ್ಕ, ಅದನ್ನು ಹೆಂಡತಿಗೆ ಹೇಳಿಲ್ಲ. ಈ ಪತ್ರ ಓದಿದರೆ ಗೊತ್ತಾಗುತ್ತದೆ.

ಯುಗಾದಿಯ ಮಾರನೆ ದಿನ ಬೆಳಿಗ್ಗೆ ದೇವರಾಯನದುರ್ಗದ ಕಡೆ ಹೊರಟೆ. ನಾಮದ ಚಿಲುಮೆವರೆಗೆ ಚೆನ್ನಾಗಿಯೇ ಹೋದೆ. ಘಾಟಿಯಲ್ಲಿ ಇಳಿದು ತಳ್ಳಿದೆ. ಗೇರಿಲ್ಲ, ವಯಸ್ಸು 66, ನಾಚಿಕೆಯೇನಿಲ್ಲ.

ನಿಮ್ಮ ಪತ್ರಿಕೆಯ ಮೂಲಕ ಒಂದೇ ಕೋರಿಕೆ. 2006-07ರಿಂದ ಸರ್ಕಾರ ಎಂಟನೇ ತರಗತಿ ಮಕ್ಕಳಿಗೆ ಎಷ್ಟೋ ವರ್ಷ ಸೈಕಲ್ ಹಂಚಿತು. ನಮ್ಮ ಸುತ್ತಿನ ಹಳ್ಳಿಗಳಲ್ಲಿ ಕೊಟ್ಟಿಗೆಗೆ ಒರಗಿರುವ ಅಂಥ ಸೈಕಲ್‌ಗಳನ್ನು ನಾನೇ ನೋಡಿದ್ದೇನೆ. ಹೆಚ್ಚಿನವುಗಳ ಕಾಯಿಲೆ ಒಂದು ಪಂಕ್ಚರ್, ಒಂದು ಚೈನು, ಅಷ್ಟೇ. ತಿಂಗಳಿಗೊಂದು ಶನಿವಾರ ಹೈಸ್ಕೂಲಿನಲ್ಲಿ ಮಕ್ಕಳಿಗೆ ಇದನ್ನು ಬಿಚ್ಚಿ ಜೋಡಿಸಲು ಕಲಿಸಬಹುದು. ನಮ್ಮ ಕಾರ್ಖಾನೆಯಿಂದ ನಿವೃತ್ತರಾದ ನಾಲ್ಕೈದು ಜನ ಇದ್ದೇವೆ. ಸಂಬಳ ಬೇಡ, ಮಧ್ಯಾಹ್ನ ಒಂದು ಟೀ ಸಾಕು.

ಇನ್ನೊಂದು ವಿಷಯ. ನನ್ನ ಹಿಂದಿನ ಚಕ್ರದಲ್ಲಿ ಇನ್ನೂ ಹಳೇ ಸ್ಟೀಲ್ ರಿಮ್ಮೇ ಇದೆ. ಒದ್ದೆಯಾದರೆ ಬ್ರೇಕ್ ಹಿಡಿಯುವುದೇ ಇಲ್ಲ. 559 ಅಳತೆಯ, 36 ತೂತಿನ ಅಲಾಯ್ ರಿಮ್ ಯಾರ ಅಟ್ಟದ ಮೇಲಾದರೂ ಬಿದ್ದಿದ್ದರೆ ದಯವಿಟ್ಟು ಪತ್ರಿಕೆಗೆ ಬರೆದು ತಿಳಿಸಿ. ಮುಂಗಾರು ಶುರುವಾಗುವ ಮುಂಚೆ ಬೇಕು. ಗುಜರಿಯವನಿಗಿಂತ ಜಾಸ್ತಿ ಕೊಡುತ್ತೇನೆ.

– ಒಬ್ಬ ನಿವೃತ್ತ ಗಡಿಯಾರ ಕಾರ್ಮಿಕ, ತುಮಕೂರು