ಅದು ಚಿತ್ರ, ‘ಕಸದಿಂದ ರಸ’ ಅಲ್ಲ

ಸಂಪಾದಕರಿಗೆ ನಮಸ್ಕಾರ.

ಹೋದ ವಾರ ನಿಮ್ಮ ಜಿಲ್ಲಾ ಪುಟದಲ್ಲಿ ನಮ್ಮ ಬನಹಟ್ಟಿಯ ಪವರ್‌ಲೂಮ್ ಕೆಲಸಗಾರನೊಬ್ಬನ ಚಿತ್ರಗಳ ಬಗ್ಗೆ ಬಂದಿತ್ತು. ಖುಷಿಯಾಯಿತು. ಓಣಿಯವರೆಲ್ಲ ಪೇಪರ್ ಕೊಂಡರು. ಆದರೂ ಎರಡು ಮಾತು ಹೇಳಲೇಬೇಕು.

ಅವನಿಗೆ ಚಿತ್ರ ಕಲಿಸಿದವನು ನಾನು ಎಂದು ಬರೆದಿದ್ದೀರಿ. ಅಲ್ಲವೇ ಅಲ್ಲ. ಏಳನೆಯ ತರಗತಿವರೆಗೆ ಅವನು ನನ್ನ ಕ್ಲಾಸಿನಲ್ಲಿ ಕೂತಿದ್ದು ನಿಜ. ಆಗ ನಾನು ಕಲಿಸಿದ್ದು ಮಡಕೆ, ಮಾವಿನಹಣ್ಣು, ಎರಡು ಗುಡ್ಡದ ನಡುವಿನ ಸೂರ್ಯ. ಅವನಿಗೆ ಕೊಟ್ಟಿದ್ದು ನೂರಕ್ಕೆ 35. ಈಗ ಮಾಡುತ್ತಿರುವುದೆಲ್ಲ ಅವನೇ ಕಲಿತದ್ದು, ಅದರಲ್ಲಿ ನನ್ನ ಪಾಲು ಏನೂ ಇಲ್ಲ.

ಇನ್ನೊಂದು, ನೀವು ಕೊಟ್ಟ ತಲೆಬರಹ: ‘ಕಸದಿಂದ ರಸ’. ಇಡೀ ವರದಿಯಲ್ಲಿ ಅವನು ಏನೇನು ಸಾಮಾನು ಆರಿಸಿ ತರುತ್ತಾನೆ ಅನ್ನೋದಿದೆ, ಚಿತ್ರ ಹೇಗಿದೆ ಅನ್ನೋದು ಒಂದು ಸಾಲೂ ಇಲ್ಲ. ಫೋಟೊದಲ್ಲೂ ರದ್ದಿ ಗುಡ್ಡೆ ಮುಂದೆ, ಚಿತ್ರ ಹಿಂದೆ, ಅದೂ ಅರ್ಧ ಕಟ್ ಆಗಿದೆ!

ಹಾಗಾಗಿ ನಾನೇ ಹೇಳುತ್ತೇನೆ. ಡಿಸೈನ್ ನೇಯುವ ಜಕಾರ್ಡ್ ಮಗ್ಗ ನೋಡಿದವರಿಗೆ ಗೊತ್ತು, ಮೇಲೆ ತೂತು ತೂತಿನ ರಟ್ಟಿನ ಪಟ್ಟಿಗಳ ಸರ ತಿರುಗುತ್ತಿರುತ್ತದೆ. ಒಂದು ಪಟ್ಟಿ ಅಂದರೆ ಒಂದು ಹೊಕ್ಕು, ಅಂದರೆ ಒಂದು ಅಡ್ಡ ಎಳೆ. ತೂತು ಇದ್ದಲ್ಲಿ ಹಾಸಿನ (ಉದ್ದದ) ಎಳೆ ಮೇಲೇಳುತ್ತದೆ, ಇಲ್ಲದಲ್ಲಿ ಕೆಳಗೇ ಉಳಿಯುತ್ತದೆ. ಡಿಸೈನ್ ಹಳೆಯದಾಯಿತು ಅಂದರೆ ಇಡೀ ಸರ ರದ್ದಿಗೆ. ಅವನು ಆ ಪಟ್ಟಿಗಳನ್ನು ತಂದು, ಫೆವಿಕಾಲ್ ನೀರಿಗೆ ಬೆರೆಸಿ ಎರಡು ಕೋಟು ಹೊಡೆದು ಒಣಗಿಸುತ್ತಾನೆ, ಇಲ್ಲದಿದ್ದರೆ ರಟ್ಟು ಆಯಿಲ್ ಪೇಂಟಿನ ಎಣ್ಣೆ ಕುಡಿದು ಮುರಿಯುತ್ತದೆ. ಬಣ್ಣ, ಮನೆಗೆ ಪೇಂಟ್ ಹೊಡೆಯುವವರ ಡಬ್ಬಿಯ ತಳದಲ್ಲಿ ಉಳಿದದ್ದು. ಮೊದಮೊದಲು ಹಳೆಯ ಫ್ಲೆಕ್ಸ್ ಬ್ಯಾನರಿನ ಹಿಂಬದಿಗೆ ಬರೆಯುತ್ತಿದ್ದ, ಒಂದೇ ಮಳೆಗಾಲಕ್ಕೆ ಎಲ್ಲ ಈರುಳ್ಳಿ ಸಿಪ್ಪೆ ಥರ ಎದ್ದು ಬಂತು. ಈಗ ಫ್ಲೆಕ್ಸ್ ಆದರೆ ಮೊದಲು ಪಾಲಿಶ್ ಪೇಪರ್ ಹಾಕಿ ಉಜ್ಜುತ್ತಾನೆ. ಇದನ್ನೆಲ್ಲ ಕೆಡಿಸಿ ಕೆಡಿಸಿಯೇ ಕಲಿತ.

ಅವನ ಮನೆ ಗೋಡೆಗೆ ಒರಗಿಸಿದ ಒಂದು ಚಿತ್ರವಿದೆ, ನನ್ನ ಎದೆಯೆತ್ತರ. ಪಟ್ಟಿಗಳನ್ನು ಒಂದಕ್ಕೊಂದು ಹೊಲಿದು ಮೇಲೆ ಬೂದು ಬಣ್ಣ ಎಳೆದಿದ್ದಾನೆ. ಕೆಲವು ತೂತು ಮುಚ್ಚಿವೆ, ಕೆಲವು ತೆರೆದಿವೆ, ತೆರೆದ ತೂತಿನಿಂದ ಹಿಂದಿನ ಕಿತ್ತಳೆ ಬಣ್ಣ ಇಣುಕುತ್ತದೆ. ಕೆಳಗೆ ಬಲಕ್ಕೆ ಒಂದು ಗೇಣಿನಷ್ಟು ಏನೂ ಇಲ್ಲ, ಬರೀ ರಟ್ಟು. ಇಲ್ಯಾಕೋ ಬಿಟ್ಟೆ ಎಂದು ಕೇಳಿದೆ. “ಅಲ್ಲಿ ಕರೆಂಟ್ ಹೋಗೇತ್ರಿ ಸರ” ಅಂದ. ನಕ್ಕೆ. ಆಮೇಲೆ ನೋಡುತ್ತಾ ಕೂತೆ. ಗದ್ದಲದ ನಡುವೆ ಮಗ್ಗಗಳೆಲ್ಲ ಒಮ್ಮೆಲೇ ನಿಂತಾಗ ಕಿವಿಯಲ್ಲಿ ಒಂಥರಾ ಆಗುತ್ತದಲ್ಲ, ನಮ್ಮೂರವರಿಗೆ ಗೊತ್ತು, ಅದೇ ಅದು.

ಇದೇ ಚಿತ್ರವನ್ನು ಟಂಟಂ ಮೇಲೆ ಹೇರಿಕೊಂಡು ಇಬ್ಬರೂ ಒಂದು ಪ್ರದರ್ಶನಕ್ಕೆ ಹೋಗಿದ್ದೆವು. ಫಾರ್ಮಿನಲ್ಲಿ ಡಿಪ್ಲೊಮಾ ಮಾಡಿದ ಸಂಸ್ಥೆ ಯಾವುದು ಎಂಬ ಕಾಲಂ. ಖಾಲಿ ಬಿಟ್ಟೆವು. ಅಲ್ಲಿದ್ದವರು ಚಿತ್ರವನ್ನು ತಿರುಗಿಸಿ ನೋಡಿ, ‘ಗೋಳಗುಮ್ಮಟವನ್ನಾದರೂ ಬಿಡಿಸಬಾರದಿತ್ತಾ’ ಎಂದು, ಕೊನೆಗೆ ಮಕ್ಕಳ ಬಾಟಲಿ ಗೊಂಬೆಗಳ ಪಕ್ಕ ಇಟ್ಟರು. ಬಾಟಲಿ ಗೊಂಬೆ ಮಾಡಿಸಿದವನು ನಾನೂ ಹೌದು, ಅದರ ಮೇಲೆ ಸಿಟ್ಟಿಲ್ಲ. ಆದರೆ ಜಾಗ ಬೇರೆ ಅಲ್ವಾ?

ರದ್ದಿಯಿಂದ ಕಲೆ ಮಾಡಿದವರು ಮೊದಲೂ ಇದ್ದರು. ಜರ್ಮನಿಯ ಕಲಾವಿದ ಕುರ್ಟ್ ಶ್ವಿಟರ್ಸ್ 1919ರ ಹೊತ್ತಿಗೇ ಹರಿದ ಟ್ರಾಮ್ ಟಿಕೆಟ್ಟು, ಕಟ್ಟಿಗೆ ಚೂರು ಅಂಟಿಸಿ ಚಿತ್ರ ಮಾಡುತ್ತಿದ್ದ. ಅವುಗಳಿಗೆ ಅವನಿಟ್ಟ ‘ಮೆರ್ಜ್’ ಅನ್ನೋ ಹೆಸರು ಕೂಡ ಬ್ಯಾಂಕಿನ ಜಾಹೀರಾತೊಂದರಿಂದ ಕತ್ತರಿಸಿದ ತುಂಡು. ಅವನು ಆರ್ಟ್ ಸ್ಕೂಲಿನಲ್ಲಿ ಕಲಿತವನು, ಹಾಗಾಗಿ ಅವು ಮ್ಯೂಸಿಯಂ ಸೇರಿದವು ಅನ್ನಬಹುದು. ಆದರೆ ಚಂಡೀಗಡದ ನೇಕ್ ಚಂದ್ ಯಾವ ಆರ್ಟ್ ಸ್ಕೂಲಿಗೂ ಹೋದವರಲ್ಲ, ರೋಡ್ ಇನ್‌ಸ್ಪೆಕ್ಟರ್. ಒಡೆದ ಬಳೆ, ಪಿಂಗಾಣಿ ಚೂರು ಕೂಡಿಸಿ ಯಾರಿಗೂ ಹೇಳದೆ ಅವರು ಕಟ್ಟಿದ ರಾಕ್ ಗಾರ್ಡನ್ ಎಂಬ ಶಿಲ್ಪಗಳ ತೋಟ 1976ರಲ್ಲಿ ಜನರಿಗೆ ತೆರೆಯಿತು.

‘ಇದರಲ್ಲಿ ಏನೈತಿ?’ ಎಂದು ಎಲ್ಲರೂ ಕೇಳುತ್ತಾರೆ. ಮೊದಲ ಸಲ ನಾನೂ ಕೇಳಿದ್ದೆ, ಮಾಸ್ತರಿಕೆ ಮಾಡಿದವನಿಗೆ ಬುದ್ಧಿ ಬೇಡವೇ! ಇಳಕಲ್ಲ ಸೀರೆಯ ಕೆಂಪು–ಬಿಳಿ ಸೆರಗು ಹರವಿಕೊಂಡು ಗಂಟೆಗಟ್ಟಲೆ ನೋಡುವ ನಮ್ಮ ಹೆಣ್ಣುಮಕ್ಕಳು ಅದರಲ್ಲಿ ಏನೈತಿ ಎಂದು ಯಾವತ್ತೂ ಕೇಳಿದ್ದಿಲ್ಲ. ಚೆನ್ನಾಗಿದೆ, ಇಲ್ಲ, ಅಷ್ಟೇ.

ದಯವಿಟ್ಟು ನಿಮ್ಮ ವರದಿಗಾರರನ್ನು ಇನ್ನೊಮ್ಮೆ ಕಳಿಸಿ. ಚಿತ್ರದ ಫೋಟೊ ನೇರವಾಗಿ, ಪೂರ್ತಿ ತೆಗೆಯಲಿ, ಅಳತೆ ಮತ್ತು ಬೆಲೆ ಕೆಳಗೆ ಹಾಕಲಿ. ಬೆಲೆ ಹೇಳಲು ಅವನು ನಾಚುತ್ತಾನೆ, ನಾನು ಹೇಳುತ್ತೇನೆ. ಈ ವಾರ ಅವನಿಗೆ ರಾತ್ರಿ ಪಾಳಿ, ಬೆಳಿಗ್ಗೆ ಹನ್ನೊಂದರ ಮೇಲೆ ಬಂದರೆ ಎದ್ದಿರುತ್ತಾನೆ.

– ನಿವೃತ್ತ ಚಿತ್ರಕಲಾ ಶಿಕ್ಷಕ, ಬನಹಟ್ಟಿ, ಬಾಗಲಕೋಟೆ ಜಿಲ್ಲೆ