ಡೆಮ್ಲೋ ಸ್ಟೇಷನ್ನಿನ 12321

ಡೊಂಬಿವಲಿ, ಭಾನುವಾರ

ಚಿ. ಪುಟ್ಟಿಗೆ ದೊಡ್ಡಪ್ಪನ ಆಶೀರ್ವಾದಗಳು.

ಮೊನ್ನೆ ಫೋನಿನಲ್ಲಿ ಎಷ್ಟು ಖುಷಿಯಾಗಿದ್ದೆ ನೀನು! ಕ್ಯಾಲ್ಕುಲೇಟರ್ ಒತ್ತಿ ನೋಡಿದೆಯಂತೆ. 11 ಗುಣಿಸು 11 ಅಂದರೆ 121. 111 ಗುಣಿಸು 111 ಅಂದರೆ 12321. ಆಮೇಲೆ 1234321. "ಹೀಗೇ ಹೋಗ್ತಾ ಇರುತ್ತೆ ದೊಡ್ಡಪ್ಪ" ಅಂದೆ. ಹೋಗುವುದಿಲ್ಲ ಪುಟ್ಟಿ. ಅದಕ್ಕೇ ಈ ಕಾಗದ.

ತಪ್ಪು ಹಿಡಿಯಲು ಬರೆಯುತ್ತಿಲ್ಲ. ಮೂರು ಸಲ ಸರಿ ಬಂದರೆ ನಂಬಿಬಿಡುವ ಅಭ್ಯಾಸ ನನಗೂ ಇತ್ತು. ಏಕೆ ಅಂತ ಕೇಳದೆ ಬಾಯಿಪಾಠ ಮಾಡಿದೆ. ಪರೀಕ್ಷೆಯಲ್ಲಿ ಪ್ರಶ್ನೆ ಸ್ವಲ್ಪ ತಿರುಗಿ ಬಂತು, ಗಣಿತದಲ್ಲಿ ಫೇಲಾದೆ. ಆ ಬೇಸಿಗೆ ಇನ್ನೂ ಮರೆತಿಲ್ಲ.

12321 ಒಂದನ್ನೇ ಹಿಡಿದು ಕೂರು. 111ನ್ನು 111ರಿಂದ ಕೈಯಲ್ಲೇ ಗುಣಿಸು. 111 ಮೂರು ಸಾಲು ಬರುತ್ತದೆ, ಒಂದೊಂದು ಸಾಲೂ ಒಂದೊಂದು ಮನೆ ಎಡಕ್ಕೆ ಸರಿದಿರುತ್ತದೆ. ಈಗ ಪ್ರತಿ ಕಂಬಸಾಲಿನಲ್ಲಿ ಎಷ್ಟು ಒಂದುಗಳಿವೆ ಎಣಿಸು. ಒಂದು, ಎರಡು, ಮೂರು, ಎರಡು, ಒಂದು. ಅಷ್ಟೇ ಗುಟ್ಟು! ಇದು ಕಣ್ಣಿಗೆ ಬಿದ್ದ ಮೇಲೆ ಎಲ್ಲಿ ಮುರಿಯುತ್ತದೆ ಅನ್ನುವುದೂ ತಾನಾಗಿ ಹೊಳೆಯುತ್ತದೆ. ಒಂಬತ್ತು ಒಂದುಗಳವರೆಗೆ ಚೆನ್ನಾಗಿ ನಡೆಯುತ್ತದೆ, 12345678987654321. ಹತ್ತು ಒಂದುಗಳಾದರೆ ನಡುವಿನ ಸಾಲಿನಲ್ಲಿ ಹತ್ತು. ಸೊನ್ನೆ ಬರೆದು ಕೈಯಲ್ಲಿ ಒಂದು. ಪಕ್ಕದ 9ಕ್ಕೆ ಅದು ಸೇರಿ ಮತ್ತೆ ಹತ್ತು. ಅದರಾಚೆಯ 8 ಹೋಗಿ 9 ಆಗುತ್ತದೆ. ಕೊನೆಗೆ ಸಿಗುವುದು 1234567900987654321. ಎಡಗಡೆಯ 8 ಕಾಣೆ.

12321ರಲ್ಲಿ ಇನ್ನೂ ಇದೆ. ಅಂಕಿಗಳನ್ನು ಕೂಡಿಸು, 9. ಆ 9ರಿಂದಲೇ ಭಾಗಿಸು, ಶೇಷವಿಲ್ಲದೆ 1369. ಅದು 37ರ ವರ್ಗ! ತನ್ನ ಅಂಕಿಗಳ ಮೊತ್ತದಿಂದ ಹೀಗೆ ಭಾಗವಾಗುವ ಸಂಖ್ಯೆಗೆ ಹರ್ಷದ ಸಂಖ್ಯೆ ಅಂತ ಹೆಸರು, ಹರ್ಷ ಕೊಡುವುದು ಅಂತ. ಅಕ್ಕಪಕ್ಕದ 121, 1234321 ಎರಡಕ್ಕೂ ಈ ಭಾಗ್ಯ ಇಲ್ಲ. ಮಾಡಿ ನೋಡು.

ಆ ಹೆಸರಿಟ್ಟವರು ದ. ರಾ. ಕಾಪ್ರೇಕರ್. 1905ರಲ್ಲಿ ಡಹಾಣುವಿನಲ್ಲಿ ಹುಟ್ಟಿದವರು, ಪುಣೆಯ ಫರ್ಗ್ಯುಸನ್ ಕಾಲೇಜಿನಲ್ಲಿ ಓದಿ ನಾಸಿಕದ ಹತ್ತಿರ ದೇವಳಾಲಿಯಲ್ಲಿ ಶಾಲಾ ಮೇಷ್ಟ್ರಾಗಿದ್ದರು. 12321ರಂಥ ಸಂಖ್ಯೆಗಳಿಗೆ ಅವರು ಡೆಮ್ಲೋ ಅಂತ ಹೆಸರಿಟ್ಟರು. ಡೆಮ್ಲೋ ಅಂದರೆ ಯಾವುದು ಗೊತ್ತಾ? ಆಗ ಹಾಗೆ ಕರೆಯುತ್ತಿದ್ದ ನಮ್ಮ ಡೊಂಬಿವಲಿ ಸ್ಟೇಷನ್! ಆ ಯೋಚನೆ ಅವರಿಗೆ ಹೊಳೆದದ್ದು ಇಲ್ಲಿ. ಮೂವತ್ತು ವರ್ಷ ಇದೇ ಪ್ಲಾಟ್‌ಫಾರ್ಮಿನಲ್ಲಿ ನಾನು ಲೋಕಲ್‌ಗೆ ಕಾದಿದ್ದೇನೆ. ಇದು ಗೊತ್ತಾದದ್ದು ರಿಟೈರ್ ಆದ ಮೇಲೆ. ಈಗ ಅಲ್ಲಿ ಸುಮ್ನೆ ನಿಂತರೂ ಮನಸ್ಸು ತುಂಬುತ್ತದೆ.

ನಿನಗೆ ಮಾರ್ಕ್ಸ್ ಜಾಸ್ತಿ ಬರಲಿ ಅಂತ ನಿನ್ನಮ್ಮನಿಗೆ ಆಸೆ, ಇರಲಿ. ನಾನು ಕೇಳುವುದು ಇಷ್ಟೇ. ದಿನಕ್ಕೆ ಅರ್ಧ ಗಂಟೆ ಒಂದೇ ಒಂದು ಲೆಕ್ಕದ ಜೊತೆ ಕೂರು. ಉತ್ತರ ಬಂದ ಮೇಲೂ ಏಳಬೇಡ. ಏಕೆ ಹೀಗೆ, ಎಲ್ಲಿಯವರೆಗೆ ಹೀಗೆ, ಅಂತ ಕೇಳು.

ರಜೆಗೆ ಬರುವಾಗ ಹತ್ತು ಒಂದುಗಳ ಗುಣಾಕಾರ ಪೂರ್ತಿ ಬರೆದು ತಾ. ಚೌಕ ಗೆರೆಗಳ ಪುಸ್ತಕದಲ್ಲಿ ಹಾಳೆಯನ್ನು ಅಡ್ಡ ಹಿಡಿದು ಬರೆ, ಹತ್ತೊಂಬತ್ತು ಮನೆ ಬೇಕಾಗುತ್ತದೆ.

ಇಂತಿ,
ನಿನ್ನ ದೊಡ್ಡಪ್ಪ